ಮೇಲೆ ಗಟ್ಟಿ, ಕೆಳಗೆ ಮೆತ್ತಗೆ

ಕೆಲಸಕ್ಕೆ ಸೇರಿ ಎರಡನೇ ವರ್ಷ. ಹಾಸನದ ಹತ್ತಿರ ಹಳ್ಳವೊಂದಕ್ಕೆ ಚಿಕ್ಕ ಸೇತುವೆ ಕಟ್ಟುವುದಿತ್ತು. ರಿಗ್‌ನವರು (ನೆಲ ಕೊರೆಯುವ ಯಂತ್ರದವರು) ಕೊರೆದು ತೆಗೆದ ಕೋರನ್ನು, ಅಂದರೆ ಕೋಲಿನಂಥ ಮಣ್ಣು-ಕಲ್ಲಿನ ತುಂಡುಗಳನ್ನು, ಬಾಕ್ಸಿನಲ್ಲಿ ಸಾಲಾಗಿ ಜೋಡಿಸುತ್ತಿದ್ದರು, ನಾನು ನೋಡಿ ಎಷ್ಟು ಆಳದಲ್ಲಿ ಏನಿದೆ ಎಂದು ಲಾಗ್ ಬರೆಯಬೇಕು. ಮೊದಲ 4 ಮೀಟರ್ ಕೆಂಪು ಮಣ್ಣು, ಆಮೇಲೆ ಪುಡಿಪುಡಿ ಕಲ್ಲು. 7 ಮೀಟರಿನಿಂದ ನೈಸ್ ಎಂಬ ಗಟ್ಟಿ ಪಟ್ಟೆಕಲ್ಲು, ಸುತ್ತಿಗೆಯಲ್ಲಿ ಹೊಡೆದರೆ ಟಣ್ ಅನ್ನುತ್ತಿತ್ತು. 14ರಿಂದ 16 ಮೀಟರ್ ನಡುವೆ ಮಾತ್ರ ಕೋರು ಬಿಳಿಚಿಕೊಂಡು, ಅಲ್ಲಲ್ಲಿ ಹಸಿರಾಗಿ, ಉಗುರಿಗೆ ಉದುರುವಂತಿತ್ತು. 'ಶಿಥಿಲ ಕಲ್ಲು' ಎಂದು ಬರೆದೆ.

ರಿಗ್ ಓಡಿಸುತ್ತಿದ್ದ ಅಣ್ಣ ಕೇಳಿದರು: "ಸಾರ್, ಮಳೆ ನೀರು ಇಳಿಯೋದು ಮೇಲಿಂದ ತಾನೆ? ಮೇಲಿನ ಕಲ್ಲನ್ನ ಹಂಗೇ ಬಿಟ್ಟು ಕೆಳಗಿಂದು ಹೆಂಗೆ ಕೊಳೀತು?"

ಬಿರುಕಿನಲ್ಲಿ ನೀರು ಇಳಿದಿರಬೇಕು ಎಂದು ಏನೋ ಹೇಳಿ ಸುಮ್ಮನಾಗಿಸಿದೆ. ನಕ್ಷೆಯಲ್ಲಿ ಆ ಮೆತ್ತನೆ ಭಾಗವನ್ನು ಅಡ್ಡಡ್ಡ ಮಲಗಿಸಿದೆ. ಅಡಿಪಾಯ 8 ಮೀಟರಿಗೇ ನಿಲ್ಲುತ್ತದೆ, 14ರ ಚಿಂತೆ ಯಾಕೆ ಅಲ್ವಾ?

ಗುಂಡಿ 8 ಮೀಟರ್ ಮುಟ್ಟಿದಾಗ ಒಂದು ಮೂಲೆಯಲ್ಲಿ ಗಟ್ಟಿ ಕಲ್ಲು, ಇನ್ನೊಂದು ಮೂಲೆಯಲ್ಲಿ ಅದೇ ಬಿಳಿ ಪುಡಿ. ಆ ಮೆತ್ತನೆ ಪಟ್ಟಿ ಮಲಗಿರಲಿಲ್ಲ, ಕಡಿದಾಗಿ ಓರೆಯಾಗಿ ಮೇಲೆ ಹತ್ತಿತ್ತು. ಕೆಲಸ ನಿಂತಿತು.

ನಮ್ಮ ಸೀನಿಯರ್ ಮೇಡಂ ಬಂದರು. ಕೋರನ್ನು ಬಾಟಲಿ ನೀರಲ್ಲಿ ತೊಳೆದು, ಲೆನ್ಸ್ ಹಿಡಿದು, ಚಾಕುವಿನ ತುದಿಯಿಂದ ಫೆಲ್ಡ್‌ಸ್ಪಾರ್ (ನೈಸ್‌ನಲ್ಲಿ ಹೇರಳವಾಗಿರುವ ಖನಿಜ) ಮೇಲೆ ಗೀರಿದರು. ಒಳ್ಳೆಯ ಫೆಲ್ಡ್‌ಸ್ಪಾರ್‌ಗೆ ಚಾಕು ಹತ್ತುವುದಿಲ್ಲ. ಒಡೆದ ಮುಖ ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಇದು ಸುಣ್ಣದ ಹಾಗೆ ಮಂಕಾಗಿತ್ತು, ಗೀರಿದಲ್ಲೆಲ್ಲ ಪುಡಿ. ಬೆರಳಲ್ಲಿ ಉಜ್ಜಿದರೆ ಜಿಡ್ಡು ಜಿಡ್ಡು. ಪಕ್ಕದ ಬೆಣಚುಕಲ್ಲಿನ ಕಾಳುಗಳಿಗೆ ಮಾತ್ರ ಏನೂ ಆಗಿರಲಿಲ್ಲ.

"ಇದು ಕೊಳೆತಿದ್ದಲ್ಲ, ಬೆಂದಿದ್ದು" ಅಂದರು.

ಬೆಂದಿದ್ದು ಅಂದರೆ ಕರಗಿದ್ದಲ್ಲ. ಕಲ್ಲು ಭೂಮಿಯ ಆಳದಲ್ಲಿದ್ದಾಗ ಬಿರುಕಿನಲ್ಲಿ 200ರಿಂದ 400 ಡಿಗ್ರಿ ಬಿಸಿ ನೀರು ಹರಿದಿರುತ್ತದೆ. ನೀರು ಕೊಂಚ ಹುಳಿಯಾಗಿದ್ದರೆ ಅದರ ಹೈಡ್ರೋಜನ್ ಫೆಲ್ಡ್‌ಸ್ಪಾರ್ ಒಳಗೆ ಸೇರುತ್ತದೆ, ಅಲ್ಲಿದ್ದ ಪೊಟ್ಯಾಸಿಯಂನಲ್ಲಿ ಒಂದು ಪಾಲು ನೀರಿಗೆ ಹೋಗುತ್ತದೆ. ಉಳಿಯುವುದು ಸೆರಿಸೈಟ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಗೆಬಂಗಾರ. ಆ ಜಿಡ್ಡು ಅದರದ್ದೇ. ಬಿಟ್ಟುಹೋದ ಸಿಲಿಕಾ ಅಲ್ಲೇ ಅಕ್ಕಪಕ್ಕ ಬೆಣಚಿನ ಎಳೆಯಾಗಿ ಕೂರುತ್ತದೆ. ನೀರು ತಣಿದು ಹುಳಿ ಜಾಸ್ತಿಯಾದರೆ ಪೊಟ್ಯಾಸಿಯಂ ಪೂರ್ತಿ ತೊಳೆದುಹೋಗಿ ಬಿಳಿ ಜೇಡಿ, ಕೇಯೋಲಿನ್. ಪ್ಲೇಜಿಯೋಕ್ಲೇಸ್ ಎಂಬ ಇನ್ನೊಂದು ಬಗೆಯ ಫೆಲ್ಡ್‌ಸ್ಪಾರ್‌ನಲ್ಲಿ ಮೊದಲು ಹಾಳಾಗುವುದು ಕ್ಯಾಲ್ಸಿಯಂ ಜಾಸ್ತಿ ಇರುವ ಭಾಗ, ಸಾಮಾನ್ಯವಾಗಿ ಹರಳಿನ ನಡುಮಧ್ಯ. ಆ ಕ್ಯಾಲ್ಸಿಯಂ ಎಪಿಡೋಟ್ ಎಂಬ ಖನಿಜಕ್ಕೆ ಸೇರುತ್ತದೆ. ನಾನು ಪಾಚಿ ಅಂದುಕೊಂಡಿದ್ದ ಪಿಸ್ತಾ ಹಸಿರು ಅದು. 14 ಮೀಟರ್ ಕೆಳಗೆ, ಬೆಳಕೇ ಇಲ್ಲದ ಕಡೆ ಪಾಚಿ! ಈಗ ನೆನೆದರೆ ನಗು ಬರುತ್ತದೆ.

ಹಾಸನ, ಗೊರೂರು ಭಾಗದ ನೈಸ್‌ಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅಷ್ಟು ದಿನದಲ್ಲಿ ಎಷ್ಟು ಸಲ ಬಿರುಕು ಬಿಟ್ಟಿದೆಯೋ.

ಮಳೆಗೆ ಕೊಳೆತ ಕಲ್ಲು ಆಳಕ್ಕೆ ಹೋದಷ್ಟೂ ಗಟ್ಟಿಯಾಗುತ್ತದೆ, ತುಕ್ಕಿನ ಬಣ್ಣ ಇರುತ್ತದೆ. ಬೆಂದ ಕಲ್ಲಿಗೆ ಆಳದ ಲೆಕ್ಕವಿಲ್ಲ, ಬಿರುಕು ಹೋದಲ್ಲಿ ಹೋಗುತ್ತದೆ. ನಡುವೆ ಬಿರುಕು, ಎರಡೂ ಕಡೆ ಮಂಕು, ದೂರ ಹೋದಂತೆ ಕಲ್ಲು ಮತ್ತೆ ಸರಿ. ನನ್ನ ಕೋರಿನಲ್ಲಿ ಇದೆಲ್ಲ ಕಣ್ಣೆದುರೇ ಇತ್ತು. ಮಳೆ ಜೋರಿರುವ ಸಕಲೇಶಪುರದ ಕಡೆ ಹೋದರೆ ಮಾತ್ರ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಬೆಂದು ಮೆತ್ತಗಾದ ಜಾಗಕ್ಕೇ ಮಳೆನೀರೂ ನುಗ್ಗಿ ಎರಡೂ ಕಲಸಿಹೋಗಿರುತ್ತವೆ.

ಮರುದಿನ ರಿಗ್ ವಾಲಿಸಿ ಇನ್ನೊಂದು ಬೋರ್ ಹಾಕಿದೆವು, ಪಟ್ಟಿಗೆ ಅಡ್ಡಲಾಗಿ. ಬಿರುಕು ಕೋರಿಗೆ ಎಷ್ಟು ಡಿಗ್ರಿ ಓರೆ ಎಂದು ಅಳೆದು ಲಾಗ್‌ನಲ್ಲಿ ಬರೆದೆ. ಮೊದಲ ಸಲ ಆ ಕಾಲಂ ಖಾಲಿ ಬಿಟ್ಟಿದ್ದೆ. ಕೋರು ತುಂಬಿದ ಬ್ಯಾರಲ್ (ಕೊಳವೆ) ಬಿಚ್ಚುವಾಗ ಅಣ್ಣ ನನ್ನ ಮುಖ ನೋಡಿದರು. "ನೀವು ಅವತ್ತು ಕೇಳಿದ್ದು ಸರಿಯಾಗೇ ಇತ್ತು" ಅಂದೆ. ಅವರು ಕೋರನ್ನು ಬಾಕ್ಸಿಗೆ ಜೋಡಿಸುತ್ತಾ ಹೋದರು.