ಓಣಿ ನೋಡಿ ಹೊಳ್ಳಿ ಹೋಗೋರು

ಅಕ್ಕನ ಮಗಳಿಗೆ ಗುಳೇದಗುಡ್ಡದ ಹೈಸ್ಕೂಲಿಗೆ ವರ್ಗವಾಯಿತು. ಅಳಿಯನಿಗೆ ಬಾಗಲಕೋಟೆಯಲ್ಲಿ ಕೆಲಸ, ಮೊಮ್ಮಗಳಿಗೆ ನಾಲ್ಕು ವರ್ಷ. "ಮನಿ ನೋಡಾಕ ಹೊಂಟೀವಿ, ನೀನೂ ಬಾ ಚಿಗವ್ವಾ" ಎಂದು ಫೋನ್ ಮಾಡಿದಳು. ಹುಬ್ಬಳ್ಳಿಯಿಂದ ಬಟ್ಟೆಚೀಲ ಹಿಡಿದು ಹೊರಟೆ. ಮೂರು ದಿನದ ತಿರುಗಾಟ. ನಡುವೆ ಬಾದಾಮಿ, ಪಟ್ಟದಕಲ್ಲು ಎಲ್ಲ ಆಯಿತು. ಬರೆಯಬೇಕು ಅನ್ನಿಸಿದ್ದು ಮಾತ್ರ ಗುಳೇದಗುಡ್ಡದ ಒಂದು ಓಣಿಯ ಬಗ್ಗೆ.

ಮೊದಲ ದಿನ ನವನಗರದಲ್ಲಿ ಒಂದು ಮನೆ ನೋಡಿದೆವು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡ ಬಾಗಲಕೋಟೆಯವರಿಗಾಗಿ ಕಟ್ಟಿದ ಊರು ಅದು. ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಲ್ಲಿ ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ರಸ್ತೆ ಅಗಲ, ಗಿಡದ ನೆರಳು, ಮಕ್ಕಳು ಸೈಕಲ್ ಹೊಡೆಯಲು ಜಾಗ. ಮೊದಲು ಬಂದವರು ಹಳೆಯ ಮನೆಯ ಹೊಸ್ತಿಲಿಗೆ ಕೈಮುಗಿದು ಕಣ್ಣೊರೆಸಿಕೊಂಡು ಬಂದವರು. ಈಗ ಸುತ್ತಲಿನ ಊರುಗಳಲ್ಲಿ ನೌಕರಿ ಮಾಡುವವರು ಆ ರಸ್ತೆ, ಆ ನೆರಳು ನೋಡಿಯೇ ಬಂದು ಮನೆ ಹಿಡಿಯುತ್ತಾರೆ. ಅಳಿಯನ ಮುಖದಲ್ಲಿ ಅವತ್ತೇ ನಿರ್ಧಾರ ಕಾಣಿಸಿತು. "ಇಲ್ಲಿಂದ ಬಸ್ಸಿಗೆ ಓಡಾಡಿದ್ರಾತು" ಎಂದ.

ಮೂರನೆಯ ದಿನ ಮಗು ರೈಲು ಬೇಕೆಂದು ಹಟ ಹಿಡಿಯಿತು. ಬಾದಾಮಿಯಲ್ಲಿ ಪ್ಯಾಸೆಂಜರ್ ಹತ್ತಿ 'ಗುಳೇದಗುಡ್ಡ ರೋಡ್' ಸ್ಟೇಷನ್ನಿನಲ್ಲಿ ಇಳಿದೆವು. ಹೆಸರು ನಂಬಿದ್ದೇ ತಪ್ಪಾಯಿತು. ಊರು ಅಲ್ಲಿಲ್ಲ, ಅಲ್ಲಿಂದ ಊರಿನ ದಾರಿ ಸುರುವಾಗುತ್ತದೆ ಅಷ್ಟೆ. ಬಿಸಿಲು ಏರುತ್ತಿತ್ತು, ನಾವು ಇಳಿದ ಹೊತ್ತಿಗೆ ಹೊರಗೆ ಒಂದು ಆಟೊ ಇರಲಿಲ್ಲ, ಬಾಟಲಿಯ ನೀರು ಮಗು ಆಗಲೇ ಮುಗಿಸಿತ್ತು. ಮುಕ್ಕಾಲು ತಾಸು ಕಾದ ಮೇಲೆ ಸಿಮೆಂಟ್ ಚೀಲ ಹೇರಿಕೊಂಡು ಹೊರಟಿದ್ದ ಟಂಟಂ ಒಂದು ನಮ್ಮನ್ನು ಹತ್ತಿಸಿಕೊಂಡಿತು. ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಬಾಗಲಕೋಟೆಯಿಂದಲೋ ಬಾದಾಮಿಯಿಂದಲೋ ಬಸ್ಸಿಗೇ ಹೋಗಿ. ನೀರನ್ನಂತೂ ಮರೆಯಬೇಡಿ. ಆ ಮುಕ್ಕಾಲು ತಾಸು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಊರು ಹತ್ತಿರವಾದಂತೆ ಬಂಡೆಗುಡ್ಡಗಳು ಎದ್ದು ನಿಂತವು. ನನಗೆ ಆ ಕೆಂಪು ಕಲ್ಲಿನ ಸೀಮೆ ಬಹಳ ಇಷ್ಟ. ಹಳೆಯ ಓಣಿಗಳಲ್ಲಿ ಕಲ್ಲಿನ ಮನೆಗಳು, ಮಂದವಾದ ಕಟ್ಟಿಗೆಯ ಬಾಗಿಲು, ಬಾಗಿಲ ಪಕ್ಕ ಕಟ್ಟೆ. ಒಳಗಿನಿಂದ ಮಗ್ಗದ ಸದ್ದು. ಇಳಕಲ್ ಸೀರೆ ಉಟ್ಟವರಿಗೆ ಕುಬಸಕ್ಕೆ ಗುಳೇದಗುಡ್ಡ ಖಣವೇ ಆಗಬೇಕು. ಅದು ಹುಟ್ಟುವುದು ಈ ಮನೆಗಳಲ್ಲಿ. ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಕಟ್ಟುವುದು, ಕಮಾನಿಗೆ ಬಣ್ಣ ಬಳಿಯುವುದು ಈಗ ಎಲ್ಲ ಊರಲ್ಲೂ ಉಂಟು, ನನಗೆ ಅವು ಯಾವ ಊರಲ್ಲೂ ಸೇರುವುದಿಲ್ಲ. ಊರಿಗೆ ಚೆಲುವು ಬರುವುದು ಇಂಥ ಕಟ್ಟೆಗಳಿಂದ.

ಆದರೆ ನಾವು ನೋಡಬೇಕಾಗಿದ್ದ ಮನೆಯ ಓಣಿಗೆ ತಿರುಗಿದಾಗ ಮಗು ಮೂಗು ಮುಚ್ಚಿಕೊಂಡಿತು. ಉದ್ದಕ್ಕೂ ತೆರೆದ ಗಟಾರ. ಮೂರು ಮನೆಗೆ ಕೀಲಿ, ಒಂದರ ಮಾಳಿಗೆ ಕುಸಿದು ಒಳಗೆ ಜಾಲಿ ಬೆಳೆದಿತ್ತು. ಅಳಿಯ ನಿಂತಲ್ಲೇ ನಿಂತ. ಓಣಿಯ ತುದಿಯ ಮನೆಯ ಮುಂದೆ ಮಾತ್ರ ಗಟಾರದ ಮೇಲೆ ಪರ್ಸಿ ಕಲ್ಲು ಹಾಸಿತ್ತು, ಅಂಗಳ ಸಾರಿಸಿ ರಂಗೋಲಿ ಹಾಕಿತ್ತು, ಗೋಡೆಗೆ ಹೊಸ ಸುಣ್ಣ. ಒಂದು ಬೇವಿನ ಗಿಡ. ಅದೇ ಮನೆ.

ಮನೆಯ ಅಜ್ಜಿ ಪಡಸಾಲೆಯಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ಲಾಳಿ ನಿಲ್ಲಿಸಿ ಕೇಳಿದಳು:

"ಗಟಾರ ನೋಡಿದ್ರಿ, ಹೌದಿಲ್ಲೋ?"

ಏನೂ ಹೇಳಲು ತೋಚಲಿಲ್ಲ.

"ಬಂದವರೆಲ್ಲಾ ಹಿಂಗ ನಿಂದರ್ತಾರ. ಮನಿ ಚಲೋ ಐತ್ರಿ ಅಂತಾರ, ಓಣಿ ನೋಡಿ ಹೊಳ್ಳಿ ಹೋಗ್ತಾರ. ಇಬ್ಬರು ಟೀಚರ್ ಬಂದಿದ್ರು, ಒಬ್ಬ ಬ್ಯಾಂಕಿನಾಂವ ಬಂದಿದ್ದ. ಎಲ್ಲಾ ನವನಗರದಾಗ ಅದಾರ. ಮುಂಜಾನಿ ಬಸ್ಸಿಗೆ ಬರ್ತಾರ, ಸಂಜಿ ಬಸ್ಸಿಗೆ ಹೋಗ್ತಾರ."

"ಅವರದೇನು ತಪ್ಪು ಅಜ್ಜೀ? ಸಣ್ಣ ಕೂಸು ಇರ್ತಾವ" ಅಂದೆ.

"ತಪ್ಪು ಅನ್ನೂದಿಲ್ಲ ನಾ. ಆದ್ರ ನೋಡು ತಂಗಿ, ಓದಿದವರು ನಾಕು ಮಂದಿ ಈ ಓಣ್ಯಾಗ ಇದ್ರ ಅರ್ಜಿ ಬರೀತಾರ, ಹೋಗಿ ಕೇಳ್ತಾರ, ಗಟಾರ ಮುಚ್ಚತೈತಿ. ಗಟಾರ ಮುಚ್ಚಲಿ ಆಮ್ಯಾಲೆ ಬರ್ತೀವಿ ಅಂತ ಅವರು. ಅವರು ಬರಲಿ ಅಂತ ನಾವು. ಅಷ್ಟರಾಗ ಇನ್ನೊಂದು ಮನಿಗೆ ಕೀಲಿ ಬೀಳತೈತಿ."

ಅಕ್ಕನ ಮಗಳು ಮಗ್ಗದ ಹತ್ತಿರ ಕೂತಳು. ಎರಡೂ ಕಡೆ ಕೆಂಪು ದಡಿ, ನಡುವೆ ಕಪ್ಪು ಮೈಯ ಮೇಲೆ ಸಾಲಾಗಿ ಸಣ್ಣ ಸಣ್ಣ ತೇರು. ಅಜ್ಜಿ ಕಾಲಲ್ಲಿ ತುಳಿದಾಗ ಎಳೆಗಳು ಬಾಯಿ ಬಿಟ್ಟು, ಲಾಳಿ ಹೊಕ್ಕು ಆ ಕಡೆ ಬಂದು, ಹಲಗೆ ಬಡಿದಾಗ ಒಂದೆಳೆ ಕೂಡಿಕೊಳ್ಳುತ್ತಿತ್ತು. ಮಗು ಎಣಿಸತೊಡಗಿತು. ಪಕ್ಕದ ಇನ್ನೊಂದು ಮಗ್ಗದ ಕುಣಿಗೆ ಹಲಗೆ ಮುಚ್ಚಿ ಮೇಲೆ ಜೋಳದ ಚೀಲ ಇಟ್ಟಿದ್ದರು. "ಮಗಂದು. ಪುಣೆದಾಗ ಅದಾನ" ಎಂದಷ್ಟೇ ಹೇಳಿದಳು.

"ಈ ಊರಿನ ಹೆಸರಿನ್ಯಾಗ ಏನೈತಿ ಗೊತ್ತೈತಿ?" ಎಂದು ಅಳಿಯನನ್ನು ಕೇಳಿದಳು. ಅವನು ತಲೆಯಾಡಿಸಿದ. "ಗುಳೇ ಬಂದವರ ಗುಡ್ಡ ಅಂತ ನಮ್ಮ ಹಿರ್‍ಯಾರು ಹೇಳ್ತಿದ್ರು. ಎಲ್ಲೆಲ್ಲಿಂದಲೋ ಬಂದವರು ನಿಂತು ಆದ ಊರಪ್ಪಾ ಇದು. ಈಗ ಇಲ್ಲಿಂದ ಗುಳೇ ಹೊಂಟಾರ."

ಅಳಿಯ ನಡುಮನೆಗೆ ಹೋಗಿ ಮೇಲೆ ನೋಡಿದ. ಬೆಳಕಿಂಡಿಯಿಂದ ಬಿಸಿಲಿನ ಕೋಲು ನೆಲಕ್ಕೆ ಬಿದ್ದಿತ್ತು. ಹೊರಗೆ ಅಷ್ಟು ಸೆಕೆ, ಒಳಗೆ ಕಲ್ಲಿನ ಗೋಡೆ ತಣ್ಣಗೆ. "ನವನಗರದ ಆ ಮನಿಯಾಗ ಮಧ್ಯಾಹ್ನ ಫ್ಯಾನ್ ಇಲ್ಲದ ಕೂಡಾಕ ಆಗಿದ್ದಿಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡ. ಹೊರಗೆ ಹೋಗಿ ಮತ್ತೊಮ್ಮೆ ಗಟಾರ ನೋಡಿ ಬಂದ. ಅವನ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕಳೆದ ವರ್ಷ ಧಾರವಾಡದಲ್ಲಿ ಮಗುವಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿ ಎಂಟು ದಿನ ಕಳೆದವನು ಅವನು. ಹೊಸ ಸಂಸಾರದವರು ಊರಿನ ಅಂದಚೆಂದ ನೋಡುತ್ತಾರೆ ಎಂದರೆ ಬಣ್ಣ ನೋಡುತ್ತಾರೆ ಎಂದಲ್ಲ. ಕೂಸು ಹೊಸ್ತಿಲು ದಾಟಿದರೆ ಕಾಲು ಎಲ್ಲಿ ಇಡುತ್ತದೆ ಎಂದು ನೋಡುತ್ತಾರೆ.

ಅಜ್ಜಿ ಊಟ ಮಾಡದೆ ಬಿಡಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಾದಾಮಿಯ ಹೋಟೆಲಿನಲ್ಲಿ ಎರಡು ದಿನ ತಿಂದ ಊಟ ಇದರ ಮುಂದೆ ಏನೂ ಅಲ್ಲ. ಹೊರಡುವಾಗ ಅಕ್ಕನ ಮಗಳನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣ ಇಟ್ಟು ಉಡಿ ತುಂಬಿದಳು. "ಮನಿ ಹಿಡೀರಿ, ಬಿಡ್ರಿ. ನಮ್ಮ ಊರಿಗೆ ಬಂದ ಹೆಣಮಗಳು ಬರಿ ಉಡಿಲೇ ಹೋಗಬಾರದು" ಅಂದಳು. ಅಕ್ಕನ ಮಗಳ ಕಣ್ಣು ತುಂಬಿತು. ನನ್ನದೂ.

ಬಾಗಲಕೋಟೆಯ ಬಸ್ಸಿನಲ್ಲಿ ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಕಿಟಕಿಯ ಪಕ್ಕ ಕುಳಿತವಳು ಖಣ ಬಿಚ್ಚಿ ತೇರುಗಳ ಮೇಲೆ ಬೆರಳಾಡಿಸುತ್ತಿದ್ದಳು. ಅಳಿಯ ಬಹಳ ಹೊತ್ತು ಸುಮ್ಮನಿದ್ದ. ಗುಡ್ಡಗಳು ಹಿಂದೆ ಸರಿದ ಮೇಲೆ ನನ್ನ ಕಡೆ ತಿರುಗಿದ.

"ಚಿಗವ್ವಾ, ಆ ಮೂಲಿಯಿಂದ ಅಜ್ಜಿ ಮನಿತನಕ ಎಷ್ಟು ಪರ್ಸಿ ಬೇಕಾಗಬಹುದು?"

"ಅರವತ್ತರ ಮ್ಯಾಲೆ" ಅಂದೆ. ಅವನು ಮೊಬೈಲ್ ತೆಗೆದು ಬರೆದುಕೊಂಡ.