ಬಾಯಿಗೆ ಬಾರದ ‘ಜಿ’

ನನ್ನ ಹೆಸರು ನಳಿನಿ. ಅಮೆರಿಕಕ್ಕೆ ಬಂದು 11 ವರ್ಷ ಆಯಿತು. ಕಾಫಿ ಅಂಗಡಿಯಲ್ಲಿ ಇವತ್ತಿಗೂ ನನ್ನ ಕಪ್ಪಿನ ಮೇಲೆ ‘ನೆಲ್ಲಿ’ ಅಂತಲೇ ಬರೆದು ಕೊಡುತ್ತಾರೆ. ನೆಲ್ಲಿಕಾಯಿ ನೆನಪಾಗಿ ಬಾಯಲ್ಲಿ ನೀರೂರುತ್ತದೆಯೇ ಹೊರತು ಬೇಜಾರೇನಿಲ್ಲ. ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳಿ ನಗಿಸಿದ್ದೇನೆ. ಹಾಗೆ ನಗಿಸುತ್ತಿದ್ದ ನಾನೇ ಒಂದು ಮಗುವಿನ ಹೆಸರು ಕೆಡಿಸಿದೆ. ಅದೂ ಲೇಖಕಿಯ ಕೈಯಿಂದ, ಅಳಿಸಿದರೆ ಹೋಗದ ಶಾಯಿಯಲ್ಲಿ.

ನನ್ನ ಕೆಲಸ ಮಿನಿಯಾಪೊಲಿಸ್‌ನ ಒಂದು ಸಣ್ಣ ಪ್ರಕಾಶನದಲ್ಲಿ. ಈವೆಂಟ್ಸ್ ನನ್ನ ಪಾಲಿಗೆ. ಈವೆಂಟ್ಸ್ ಅಂದರೆ ಡಬ್ಬ ಹೊರುವುದು, ಮೇಜು ಬಿಚ್ಚುವುದು, ಲೇಖಕರಿಗೆ ನೀರು ಕೊಡುವುದು, ಕಾರ್ಡ್ ಮಷಿನ್ ಜೊತೆ ಜಗಳ ಆಡುವುದು. ನಮ್ಮಲ್ಲಿ ಚೆನ್ನಾಗಿ ಮಾರಾಟವಾಗುವ ಲೇಖಕಿ ಒಬ್ಬರಿದ್ದಾರೆ. 76 ವರ್ಷ. ನಾರ್ವೆಯಿಂದ ವಲಸೆ ಬಂದ ರೈತರ ಮೊಮ್ಮಗಳು. ಬರೆಯುವುದು ಪತ್ತೇದಾರಿ ಕಾದಂಬರಿ, ಆಗಾಗ ಮಕ್ಕಳ ಪುಸ್ತಕ. ಪತ್ತೇದಾರಿ ಪುಸ್ತಕ ಒಂದೊಂದರಲ್ಲೂ ಒಂದು ಕೊಲೆ, ನಾಲ್ಕು ಊಟ ಇದ್ದೇ ಇರುತ್ತವೆ. ಓದುಗರು ಕೊಲೆಗಾರನನ್ನು ಮರೆಯುತ್ತಾರೆ, ಊಟ ಮರೆಯುವುದಿಲ್ಲ.

ಪುಸ್ತಕದ ಅಂಗಡಿಯಲ್ಲಿ ಇವರ ಸೈನಿಂಗ್, ಅಂದರೆ ಓದುಗರ ಪುಸ್ತಕಕ್ಕೆ ಸಹಿ ಹಾಕಿಕೊಡುವ ಕಾರ್ಯಕ್ರಮ ಇಟ್ಟರೆ 20 ಕುರ್ಚಿಗೆ ಆರು ಜನ. ಅದರಲ್ಲಿ ಇಬ್ಬರು ಅಂಗಡಿಯವರೇ. ಇವರ ಓದುಗರು ಸಿಗುವುದು ಇಲ್ಲಿನ ನಾರ್ವೆ ಮೂಲದವರ ಹಬ್ಬಗಳಲ್ಲಿ. ಮೇ 17ರ ಆಸುಪಾಸಿಗೆ ವಿಸ್ಕಾನ್ಸಿನ್‌ನ ಸ್ಟೌಟನ್‌ಗೆ ಹೋಗುತ್ತೇವೆ, ಅದು ನಾರ್ವೆಯ ಸಂವಿಧಾನ ದಿನ. ಜುಲೈ ಕೊನೆಗೆ ಅಯೋವಾದ ಡೆಕೋರಾ. ಚಳಿ ಶುರುವಾಗುವ ಹೊತ್ತಿಗೆ ಉತ್ತರ ಡಕೋಟಾದ ಮೈನಾಟ್. ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ ಇಲ್ಲೂ ಪುಸ್ತಕದ ಸಾಲಿಗಿಂತ ಊಟದ ಸಾಲೇ ಉದ್ದ. ನಮ್ಮ ಮೇಜಿಗೆ ಅತಿ ಹೆಚ್ಚು ಬರುವ ಪ್ರಶ್ನೆ, “ಬಾತ್‌ರೂಮ್ ಎಲ್ಲಿ?”

ಎರಡನೇ ಸ್ಥಾನ, “ದೊಡ್ಡ ಅಕ್ಷರದಲ್ಲಿ ಸಿಗುತ್ತಾ?”

ಆಮೇಲೆ ಶುರುವಾಗುತ್ತದೆ ಮಾತು. ಒಬ್ಬರು ಅಜ್ಜಿಯ ಫೋಟೋ ತಂದು “ಇವರ ಕಥೆ ಬರೀರಿ, ನಾನು ಹೇಳ್ತೀನಿ” ಅನ್ನುತ್ತಾರೆ. ಒಬ್ಬ ಹಳೆಯ ರೈತರು ಮೂರು ವರ್ಷದಿಂದ ಬಂದು ಅದೇ ತಪ್ಪು ತೋರಿಸುತ್ತಿದ್ದಾರೆ. ಎರಡನೇ ಪುಸ್ತಕದಲ್ಲಿ ಬರುವ ಟ್ರ್ಯಾಕ್ಟರ್ ಆ ವರ್ಷ ಇನ್ನೂ ತಯಾರೇ ಆಗಿರಲಿಲ್ಲವಂತೆ. ಲೆಫ್ಸೆಗೆ ಸಕ್ಕರೆ ಹಾಕಬೇಕೋ ಬರೀ ಬೆಣ್ಣೆಯೋ ಎಂದು ಅಕ್ಕತಂಗಿಯರಿಬ್ಬರು ನಮ್ಮ ಮೇಜಿನ ಮುಂದೆಯೇ ಕಾಲು ಗಂಟೆ ವಾದ ಮಾಡಿದ್ದಾರೆ. ಲೆಫ್ಸೆ ಅಂದರೆ ಆಲೂಗಡ್ಡೆ ಹಿಟ್ಟಿನದು, ಹೋಳಿಗೆಯಷ್ಟು ತೆಳ್ಳಗೆ ಲಟ್ಟಿಸಿ ಉದ್ದನೆ ಕೋಲಿನಿಂದ ಮಗುಚುತ್ತಾರೆ. ನಾನು ಸಕ್ಕರೆಯ ಕಡೆ.

ಡೆಕೋರಾ ಸಣ್ಣ ಊರು. ನಾರ್ವೇಜಿಯನ್ ಭಾಷೆಯ ಪತ್ರಿಕೆಯೊಂದು ಅಲ್ಲಿಂದ 1874ರಿಂದ 1972ರವರೆಗೆ ಬಂತು. ಹೆಸರು ಡೆಕೋರಾ-ಪೋಸ್ಟೆನ್. ಅದರಲ್ಲಿ ಧಾರಾವಾಹಿ ಕಾದಂಬರಿಗಳು ಬರುತ್ತಿದ್ದವು. ಹೀಗಾಗಿ ಅಲ್ಲಿನ ಹಿರಿಯರಿಗೆ ಕಥೆ ಬರೆಯುವವರೆಂದರೆ ಮನೆಗೆ ಬಂದು ಹೋಗುವ ನೆಂಟರ ಹಾಗೆ. ನಮ್ಮ ಲೇಖಕಿ ಪ್ರತಿಯೊಬ್ಬರ ಮಾತನ್ನೂ ಪೂರ್ತಿ ಕೇಳುತ್ತಾರೆ. ಪೆನ್ನಿನ ಮುಚ್ಚಳ ಹಾಕಿ ಕೇಳುತ್ತಾರೆ. ಹಿಂದೆ ನಿಂತ ನಾನು ಗಡಿಯಾರ ನೋಡುತ್ತೇನೆ.

ನೋಡಲೇಬೇಕು. ಏಕೆಂದರೆ ನಮ್ಮ ಮ್ಯಾನೇಜರ್ ಒಂದು ಶೀಟ್ ಮಾಡಿದ್ದಾರೆ. ಗಂಟೆಗೆ ಎಷ್ಟು ಸಹಿ, ಸಹಿಗೆ ಎಷ್ಟು ಸೆಕೆಂಡ್, ಬ್ಯಾಕ್‌ಲಿಸ್ಟ್ (ಹಳೆಯ ಪುಸ್ತಕ) ಎಷ್ಟು ಹೋಯಿತು, ಡ್ಯಾಮೇಜ್ ಎಷ್ಟು. ಡ್ಯಾಮೇಜ್ ಕಾಲಂ ಮಾತ್ರ ಕೆಂಪು. ಹೆಸರು ತಪ್ಪಾಗಿ ಸಹಿ ಮಾಡಿದ ಪ್ರತಿ ಯಾರಿಗೂ ಮಾರಲಾಗದ್ದು, ಅದು ನೇರ ಆ ಕಾಲಂಗೆ ಹೋಗುತ್ತದೆ. ಈ ಶೀಟ್ ಮಾಡಿದವರು ಒಂದು ಹಬ್ಬಕ್ಕಾದರೂ ಬಂದು ಒಂದು ಡಬ್ಬ ಹೊತ್ತಿದ್ದು ನಾನು ಕಂಡಿಲ್ಲ.

ಹೆಸರು ತಪ್ಪಾಗಬಾರದು ಅಂತಲೇ ಸ್ಲಿಪ್ ಇರುವುದು. ಸಾಲಿನಲ್ಲಿ ನಿಂತವರೇ ತಮ್ಮ ಹೆಸರು ಬರೆದು ಟೈಟಲ್ ಪೇಜಿಗೆ ಅಂಟಿಸಬೇಕು. ಲೇಖಕಿ ಸ್ಲಿಪ್ ನೋಡಿ ಬರೆಯುತ್ತಾರೆ. ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಡೆಕೋರಾದಲ್ಲಿ ಒಂದು ಶನಿವಾರ ನಾನೇ ಅದನ್ನು ಬದಲಾಯಿಸಿದೆ.

ಜುಲೈ ಬಿಸಿಲು. ಮೆರವಣಿಗೆ ಮುಗಿಯುತ್ತಿತ್ತು, ಜನ ಒಮ್ಮೆಲೇ ನಮ್ಮ ಕಡೆ ತಿರುಗಿದರು. ಎಲ್ಲರ ಒಂದು ಕೈಯಲ್ಲಿ ಲೆಫ್ಸೆ, ಬೆರಳಿಗೆಲ್ಲ ಬೆಣ್ಣೆ. ಸ್ಲಿಪ್ ಒದ್ದೆ, ಪೆನ್ನು ಜಾರುತ್ತದೆ, ಸಾಲು ಕದಲುವುದಿಲ್ಲ. ನಾನು ಸ್ಲಿಪ್ಪಿನ ಕಟ್ಟನ್ನು ಕಿತ್ತುಕೊಂಡೆ. “ಹೆಸರು ಹೇಳಿ ಸಾಕು, ನಾನೇ ಬರೀತೀನಿ.” ಕಪ್ಪಿನ ಮೇಲೆ ನೆಲ್ಲಿಯಾದವಳು ನಾನು, ಹೆಸರಿನ ವಿಷಯದಲ್ಲಿ ನನಗಿಂತ ಹುಷಾರು ಯಾರು ಅನ್ನುವ ಜಂಬ ಬೇರೆ. ಓಲ್ಸನ್ ಅಂದರೆ ಕೊನೆಗೆ ‘ಎಸ್‌ಇಎನ್ನೋ, ಎಸ್‌ಓಎನ್ನೋ’ ಎಂದು ಕೇಳಲು ಕಲಿತಿದ್ದೆ. ‘ಎಸ್‌ಇಎನ್’ ಇದ್ದರೆ ಸಾಮಾನ್ಯವಾಗಿ ನಾರ್ವೆ ಅಥವಾ ಡೆನ್ಮಾರ್ಕ್, ‘ಎಸ್‌ಓಎನ್’ ಇದ್ದರೆ ಸ್ವೀಡನ್ ಎನ್ನುತ್ತಾರೆ, ಅಮೆರಿಕಕ್ಕೆ ಬಂದ ಮೇಲೆ ಅದೂ ಕಲಸಿಹೋಗಿದೆ. ನಾರ್ವೆಯಲ್ಲಿ ಮೊದಲು ಅಪ್ಪನ ಹೆಸರು, ಜಮೀನಿನ ಹೆಸರು ಸೇರಿಸಿ ಕರೆಯುತ್ತಿದ್ದರು. ಎಲ್ಲರಿಗೂ ಕಾಯಂ ಮನೆತನದ ಹೆಸರು ಇರಬೇಕು ಎಂದು ಕಾನೂನು ಬಂದದ್ದು 1923ರಲ್ಲಿ. ಇದನ್ನೆಲ್ಲ ಸಾಲಿನಲ್ಲಿ ನಿಂತವರಿಗೆ ನಾನೇ ಹೇಳಿ ಮೆಚ್ಚುಗೆ ಗಿಟ್ಟಿಸುತ್ತಿದ್ದೆ. ಇಷ್ಟು ಗೊತ್ತಿದ್ದವಳು ಮೊದಲ ಹೆಸರಿಗೆ ಎಡವಿದೆ.

ಸಾಲಿನಲ್ಲಿ ಒಬ್ಬ ಅಜ್ಜಿ ಬಂದರು, 65ರ ಆಸುಪಾಸು. ನಾರ್ವೆಯ ಸಾಂಪ್ರದಾಯಿಕ ಉಡುಪು ಬೂನಾಡ್ ತೊಟ್ಟಿದ್ದರು. ಆ ಬಿಸಿಲಲ್ಲಿ ಉಣ್ಣೆಯ ಲಂಗ, ಕೆಂಪು ಕುಪ್ಪಸ, ಎದೆಯ ಮೇಲೆ ಬೆಳ್ಳಿಯ ಪದಕ, ಬಿಳಿ ಏಪ್ರನ್. ಮುಖ ಬೆವರಿನಲ್ಲಿ ಮುಳುಗಿತ್ತು. ತಮಗೊಂದು ಪತ್ತೇದಾರಿ, ಮೊಮ್ಮಗಳಿಗೊಂದು ಮಕ್ಕಳ ಪುಸ್ತಕ.

“ಮೊಮ್ಮಗಳ ಹೆಸರು?”

“ಸೂಲ್‌ವೈ. ಹಳೇ ಹೆಸರು.”

ಎಸ್, ಓ, ಎಲ್, ವಿ, ಎ, ವೈ. ಬರೆದೆ, ಅಂಟಿಸಿದೆ, ದೂಡಿದೆ. ಹೆಸರನ್ನು ಹೇಳಿದ ಹಾಗೆಯೇ ಬರೆಯುವುದು ಕನ್ನಡದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ, ಅಲ್ವಾ? ನಮ್ಮಲ್ಲಿ ಅಕ್ಷರ ಸುಮ್ನೆ ಕೂರುವುದಿಲ್ಲ.

ಲೇಖಕಿ ಪೆನ್ನು ಎತ್ತಿದವರು ನಿಂತರು. ಸ್ಲಿಪ್ ನೋಡಿದರು. ನನ್ನ ಕಡೆ ತಿರುಗಿ, “ಹೀಗೇನಾ?” ಅಂದರು. ಆ ಹೊತ್ತಿಗೆ ಬೀದಿಯಲ್ಲಿ ಮೆರವಣಿಗೆಯ ಕೊನೆಯ ಟ್ರ್ಯಾಕ್ಟರ್ ಹೋಗುತ್ತಿತ್ತು, ಏನೂ ಸರಿಯಾಗಿ ಕೇಳಿಸದು. ಅವರು ಕೇಳಿದ್ದು ಏನೆಂದು ನನಗೆ ಅರ್ಥವಾಗಿತ್ತು. ಒಂದು ಸಲ ತಿರುಗಿ ಆ ಅಜ್ಜಿಯನ್ನು ಕೇಳಿದ್ದರೆ ಐದು ಸೆಕೆಂಡ್. ಸಾಲಿನಲ್ಲಿ ಇನ್ನೂ 30 ಜನ ಇದ್ದರು. “ಹೌದು, ಕೇಳಿಯೇ ಬರೆದಿದ್ದೇನೆ” ಅಂದೆ. ಈಗಿನ ತಂದೆತಾಯಿ ಮಕ್ಕಳ ಹೆಸರಿಗೆ ಏನು ಸ್ಪೆಲಿಂಗ್ ಬೇಕಾದರೂ ಇಡುತ್ತಾರೆ ಅಂದುಕೊಂಡು ಅವರು ಬರೆದರಂತೆ. ಆಮೇಲೆ ಕಾರಿನಲ್ಲಿ ಹೇಳಿದರು.

ಅಜ್ಜಿ ಪುಸ್ತಕ ತೆಗೆದು ನೋಡಿದರು. ನೋಡುತ್ತಲೇ ಇದ್ದರು. ಹೆಬ್ಬೆರಳು ಹೆಸರಿನ ಕೆಳಗೆ ಬಂದು ನಿಂತಿತು.

“ಓ,” ಅಂದರು. “ಇದರ ಕೊನೆಗೆ ‘ಇಐಜಿ’ ಬರತ್ತೆ.” ತಕ್ಷಣ ಸೇರಿಸಿದರು, “ಇಲ್ಲ ಇಲ್ಲ, ದಟ್ಸ್ ಫೈನ್. ಪರವಾಗಿಲ್ಲ. ದಟ್ಸ್ ಫೈನ್.” ನಕ್ಕರು ಕೂಡ.

ನನಗೆ ಎಷ್ಟು ನಿರಾಳವಾಯಿತು ಅಂದರೆ, “ತುಂಬಾ ಥ್ಯಾಂಕ್ಸ್” ಅಂದು ಮುಂದಿನವರ ಪುಸ್ತಕ ಎಳೆದುಕೊಂಡೆ. ಲೇಖಕಿ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವರ ಕೈಯ ಕೆಳಗೆ ನಾನು ಆಗಲೇ ಇನ್ನೊಂದು ಪುಸ್ತಕ ಇಟ್ಟಿದ್ದೆ. ಅಜ್ಜಿ ಜನರ ನಡುವೆ ಹೊರಟುಹೋದರು.

ಮೇಜಿನ ಕೆಳಗೆ ಅದೇ ಪುಸ್ತಕದ 40 ಪ್ರತಿ ಇದ್ದವು. ಒಂದು ತೆಗೆದು ಬದಲಿಸಿಕೊಡಲು ಎಷ್ಟು ಹೊತ್ತು ಬೇಕು? ನನ್ನ ತಲೆಯಲ್ಲಿ ಆ ಕ್ಷಣ ಇದ್ದದ್ದು ಮಗುವೂ ಅಲ್ಲ, ಅಜ್ಜಿಯೂ ಅಲ್ಲ, ಕೆಂಪು ಕಾಲಂ. ಆ ಸೀಸನ್ ಪೂರ್ತಿ ಅದರಲ್ಲಿ ಸೊನ್ನೆ ಇತ್ತು. 18 ಡಾಲರಿನ ಪುಸ್ತಕ.

ಇನ್ನೂ ನಾಚಿಕೆಯ ವಿಷಯ ಬೇರೆಯೇ. ‘ಪರವಾಗಿಲ್ಲ’ ಅನ್ನುವ ಮಾತು ನನಗೆ ಅರ್ಥವಾಗದೆ ಹೋಯಿತಲ್ಲ! ದಾವಣಗೆರೆಯ ನಮ್ಮಜ್ಜಿ ಊಟಕ್ಕೆ ಕೂತಾಗ ಮೂರು ಸಲ ಬೇಡ ಅಂದ ಮೇಲೇ ಬಡಿಸಬೇಕಿತ್ತು. ಮೊದಲ ‘ಬೇಡ’ಕ್ಕೇ ಪಾತ್ರೆ ಎತ್ತಿಕೊಂಡು ಹೋದ ಸೊಸೆಯ ಕಥೆ ನಮ್ಮ ಮನೆಯಲ್ಲಿ 20 ವರ್ಷ ಓಡಿದೆ. ಇಲ್ಲಿನ ಜನರೂ ಅದೇ ಜಾತಿ. ಊಟ ಅಮೃತದಂತಿದ್ದರೂ ‘ನಾಟ್ ಟೂ ಬ್ಯಾಡ್’. ಸ್ವಲ್ಪವೂ ಹಿಡಿಸದಿದ್ದರೆ ‘ವೆಲ್, ದಟ್ಸ್ ಡಿಫರೆಂಟ್’. ಎರಡು ಸಲ ‘ದಟ್ಸ್ ಫೈನ್’ ಬಂತೆಂದರೆ ಎದೆಯಲ್ಲಿ ಮುಳ್ಳು ಮುರಿದಿದೆ ಅಂತಲೇ ಲೆಕ್ಕ.

ಸಾಲು ಕರಗಿದ ಮೇಲೆ ಲೇಖಕಿ ಮಾತಾಡದೆ ಮೇಜಿನ ಕೆಳಗೆ ಬಗ್ಗಿ ಒಂದು ಹೊಸ ಪ್ರತಿ ತೆಗೆದರು. ಸರಿಯಾದ ಹೆಸರು ಬರೆದರು. ನನ್ನ ಕೈಗಿಟ್ಟರು. “ಹಾರ್ಡಾಂಗರ್ ಬೂನಾಡ್. ಹೋಗಿ ಹುಡುಕು.”

ಬೂನಾಡ್ ನೋಡಿ ನಾರ್ವೆಯ ಯಾವ ಸೀಮೆಯದೆಂದು ಹೇಳಬಹುದು. ಸೆರಗು ನೋಡಿ ಇಳಕಲ್ ಸೀರೆ ಅನ್ನುತ್ತೇವಲ್ಲ, ಹಾಗೆ. ಹಾರ್ಡಾಂಗರ್‌ನದು ಕೆಂಪು ಕುಪ್ಪಸ, ಮಣಿ ಪೋಣಿಸಿದ ಎದೆಪಟ್ಟಿ, ಜಾಲರಿ ಕಸೂತಿಯ ಬಿಳಿ ಏಪ್ರನ್. ಪತ್ತೇದಾರಿ ಲೇಖಕಿ ಕೊಟ್ಟ ಸುಳಿವು, ಇನ್ನೇನು ಸಿಕ್ಕೇಬಿಟ್ಟರು ಅಂದುಕೊಂಡು ಹೊರಟೆ. ಬೀದಿಗೆ ಇಳಿದರೆ ಎಲ್ಲೆಲ್ಲೂ ಕೆಂಪು ಕುಪ್ಪಸ, ಬಿಳಿ ಏಪ್ರನ್. ಈ ದೇಶದಲ್ಲಿ ನಾರ್ವೆ ಮೂಲದವರು ತುಂಬಾ ಇಷ್ಟಪಟ್ಟು ತೊಡುತ್ತಾರೆ ಅದನ್ನು. ಮೂವರ ಭುಜ ತಟ್ಟಿದೆ. ಮೂವರೂ ತಿರುಗಿ ನಕ್ಕರು, ಮೂವರೂ ಬೇರೆಯವರು. ಒಬ್ಬರು “ನನಗೂ ಒಂದು ಕೊಡು” ಎಂದು ಪುಸ್ತಕಕ್ಕೆ ಕೈ ಚಾಚಿದರು. ವೆಸ್ಟರ್‌ಹೈಮ್ ಮ್ಯೂಸಿಯಂ ಮುಂದೆ ಎರಡು ಸಲ ಹೋಗಿ ಬಂದೆ. ಲೆಫ್ಸೆಯ ಸಾಲನ್ನು ಹಿಂದಿನಿಂದ ಮುಂದಕ್ಕೆ ನೋಡಿದೆ, ಜನ ನಾನು ಸಾಲು ಮುರಿಯುತ್ತಿದ್ದೇನೆ ಅಂದುಕೊಂಡರು. ಯಾರೂ ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ. ಅದು ಇನ್ನೂ ಕಷ್ಟ.

ಮಕ್ಕಳ ಕುಣಿತ ನಡೆಯುವ ಕಡೆ ಅವರು ಸಿಕ್ಕರು. ಹಗ್ಗದ ಪಕ್ಕದಲ್ಲಿ ನೆರಳಿಗೆ ಕೂತಿದ್ದರು. ನನ್ನನ್ನು ಕಂಡಿದ್ದೇ ತಡ, ತಪ್ಪು ಅವರದೇ ಏನೋ ಅನ್ನುವ ಹಾಗೆ ಮುಖ ಕೆಂಪಾಯಿತು. “ಅಯ್ಯೋ, ಪರವಾಗಿಲ್ಲ ಅಂತ ಹೇಳಿದ್ದೆನಲ್ಲ!” ಹೊಸ ಪುಸ್ತಕ ಕೊಟ್ಟೆ. ತೆಗೆದುಕೊಂಡರು. ಪರ್ಸಿಗೆ ಕೈ ಹಾಕಿದರು. ನಾನು ಬೇಡ ಅಂದೆ. ಅವರು ಕೇಳಲಿಲ್ಲ. ಹೋಟೆಲ್ ಬಿಲ್ಲಿಗೆ ನಮ್ಮವರು ಕಿತ್ತಾಡುತ್ತಾರಲ್ಲ, ಅದೇ ದೃಶ್ಯ, ಆದರೆ ಇಲ್ಲಿ ಇಬ್ಬರೂ ಪಿಸುಮಾತಿನಲ್ಲಿ. ಕೊನೆಗೆ 20 ಡಾಲರಿನ ನೋಟು ನನ್ನ ಬ್ಯಾಡ್ಜಿನ ದಾರಕ್ಕೆ ಸಿಕ್ಕಿಸಿ, ಚಿಲ್ಲರೆ ಬೇಡ ಅಂದರು.

ಅಷ್ಟರಲ್ಲಿ ಮೊಮ್ಮಗಳು ಕುಣಿತ ಮುಗಿಸಿ ಬಂದಳು. ಒಂಬತ್ತು ವರ್ಷ ಇರಬಹುದು. ಹಳೆಯ ಪುಸ್ತಕ ಅವಳ ಚೀಲದಲ್ಲಿತ್ತು. ತೆಗೆದು ತೋರಿಸಿದಳು. ನನ್ನ ತಪ್ಪು ಸ್ಪೆಲಿಂಗಿನ ಕೊನೆಗೆ ಪೆನ್ಸಿಲಿನಲ್ಲಿ ಒಂದು ಪುಟ್ಟ ‘ಜಿ’ ಸೇರಿಸಿಬಿಟ್ಟಿದ್ದಳು.

“ಅದನ್ನು ಅನ್ನಬಾರದು, ಬರೀಬೇಕು ಅಷ್ಟೇ,” ಎಂದು ನನಗೆ ಹೇಳಿಕೊಟ್ಟಳು. ಹೊಸದು ಇಟ್ಟುಕೋ, ಅದನ್ನು ನಾನು ತಗೊಂಡು ಹೋಗ್ತೀನಿ ಅಂದೆ. ಕೊಡಲಿಲ್ಲ. ಅದು ಅವಳು ಸರಿ ಮಾಡಿದ ಪುಸ್ತಕವಂತೆ. ಎರಡೂ ಅವಳ ಹತ್ತಿರವೇ ಉಳಿದವು.

ವಾಪಸ್ ಮೂರು ಗಂಟೆ ದಾರಿ. ಲೇಖಕಿ ಮಿನ್ನೆಸೋಟ ಗಡಿ ದಾಟುವವರೆಗೆ ಜೋಳದ ಹೊಲ ನೋಡುತ್ತ ಕೂತಿದ್ದರು. ಆಮೇಲೆ ಬೈಯಲಿಲ್ಲ. “ನಾಳೆಯಿಂದ ಸ್ಲಿಪ್ ಜನರ ಕೈಗೇ ಕೊಡು. ಒದ್ದೆ ಬಟ್ಟೆಯೊಂದು ಇಡು, ಬೆಣ್ಣೆ ಒರೆಸಿಕೊಳ್ಳಲಿ” ಅಂದರು. ಈಗ ನಮ್ಮ ಮೇಜಿನ ಮೇಲೆ ಒದ್ದೆ ಬಟ್ಟೆ ಇದೆ, ದಾರ ಕಟ್ಟಿದ ಎರಡು ಪೆನ್ನು ಇವೆ. ಸಾಲು ನಿಧಾನ. ಯಾರಾದರೂ ‘ದಟ್ಸ್ ಫೈನ್’ ಅಂದರೆ ನಾನು ಅವರ ಹೆಬ್ಬೆರಳು ನೋಡುತ್ತೇನೆ.

ಸೋಮವಾರದ ಮೀಟಿಂಗ್‌ನಲ್ಲಿ ಶೀಟ್ ತೆರೆದರು. ಡೆಕೋರಾ: ಮಾರಾಟ ಕಳೆದ ವರ್ಷಕ್ಕಿಂತ ಮೇಲೆ, ಸಹಿಗೆ ಸೆಕೆಂಡ್ ಕಡಿಮೆ, ಡ್ಯಾಮೇಜ್ ಸೊನ್ನೆ. ಕೆಟ್ಟ ಪ್ರತಿಯೂ ಮಾರಾಟವಾಗಿತ್ತು, ಹೊಸದೂ ಮಾರಾಟವಾಗಿತ್ತು, ಲೆಕ್ಕ ಅಷ್ಟೇ ತಾನೇ ಕೇಳುವುದು. ನಾನು ಬಾಯಿ ಬಿಟ್ಟು ನಡೆದದ್ದು ಹೇಳಲು ಹೊರಟೆ, ಅಷ್ಟರಲ್ಲಿ ಮ್ಯಾನೇಜರ್ ಚಪ್ಪಾಳೆ ಶುರು ಮಾಡಿದರು. ಮುಂದಿನ ಸ್ಲೈಡ್‌ನಲ್ಲಿ ‘ಈ ತಿಂಗಳ ಮಾದರಿ’ ಎಂದು ದೊಡ್ಡ ಅಕ್ಷರದಲ್ಲಿ ನನ್ನ ಹೆಸರು. ಅದರಲ್ಲಿ ಒಂದು ‘ಎಲ್’ ಜಾಸ್ತಿ ಇತ್ತು.

ಪಕ್ಕದವರು ಅದನ್ನು ತೋರಿಸಿದರು. ಮ್ಯಾನೇಜರ್ ಗಾಬರಿಯಿಂದ ನನ್ನ ಕಡೆ ತಿರುಗಿದರು.

“ಪರವಾಗಿಲ್ಲ,” ಅಂದೆ. “ಪರವಾಗಿಲ್ಲ ಬಿಡಿ.”