ನಾಟಕಕ್ಕೆ ಮೊದಲು ಅರೆಹೊಟ್ಟೆ, ನಾಟಕ ಮುಗಿದ ಮೇಲೆ ಊಟ: ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬೀದಿಗಳಿಂದ

ಅಮ್ಮ ಶಿವಮೊಗ್ಗದಿಂದ ಬಂದು ಮೂರು ವಾರ ಆಗಿತ್ತು. "ಬ್ರಾಡ್‌ವೇ, ಬ್ರಾಡ್‌ವೇ ಅಂತ ಫೋನಲ್ಲಿ ಹೇಳ್ತಾನೇ ಇರ್ತೀಯಲ್ಲ, ಒಂದು ನಾಟಕ ತೋರಿಸೇ" ಅಂದಳು. ಶನಿವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತೆಗೆದೆ. ಟಿಕೆಟ್ ಕೈಗೆ ಬಂದ ಕೂಡಲೇ ಅಮ್ಮನ ಮುಂದಿನ ಪ್ರಶ್ನೆ ಬಂತು. "ಸರಿ, ಊಟ ಎಲ್ಲಿ?"

ಊರಿಂದ ಬರುವ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಗೆಳತಿಯರು, ಗೆಳತಿಯರ ಅತ್ತೆ ಮಾವ, ಆಫೀಸ್ ಕೆಲಸಕ್ಕೆ ಬಂದ ತಮ್ಮನ ಸ್ನೇಹಿತರು. "ಟೈಮ್ಸ್ ಸ್ಕ್ವೇರ್ ಹತ್ರ ಎಲ್ಲಿ ತಿನ್ನೋದು?" ನನ್ನ ಉತ್ತರ ಯಾವಾಗಲೂ ಒಂದೇ. ಟೈಮ್ಸ್ ಸ್ಕ್ವೇರ್‌ನಲ್ಲಿ ದೀಪ ನೋಡಿ, ಫೋಟೋ ತೆಗೆಸಿಕೊಳ್ಳಿ. ಹಸಿವಾದರೆ ಪಶ್ಚಿಮಕ್ಕೆ ನಡೆಯಿರಿ. ಎಂಟನೇ ಅವೆನ್ಯೂ ದಾಟಿ, ಒಂಬತ್ತನೇ ಅವೆನ್ಯೂ ಮುಟ್ಟುವವರೆಗೆ ನಿಲ್ಲಬೇಡಿ.

ಈ ಜಾಗದ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಉದ್ದಕ್ಕೆ ಹೋಗುವ ರಸ್ತೆ ಅವೆನ್ಯೂ, ಅದನ್ನು ಅಡ್ಡ ಹಾಯುವುದು ಸ್ಟ್ರೀಟ್. ಬ್ರಾಡ್‌ವೇ ಅನ್ನುವುದು ಒಂದು ರಸ್ತೆಯ ಹೆಸರು. ಆದರೆ ಬ್ರಾಡ್‌ವೇ ಥಿಯೇಟರ್ ಅಂದರೆ 500 ಅಥವಾ ಅದಕ್ಕಿಂತ ಜಾಸ್ತಿ ಸೀಟಿರುವ ನಾಟಕಶಾಲೆ ಅಂತ ಅರ್ಥ. ಇಂಥವು 41 ಇವೆ. ಹೆಚ್ಚಿನವು ಆ ರಸ್ತೆಯ ಮೇಲಿಲ್ಲ, 41ರಿಂದ 54ನೇ ಸ್ಟ್ರೀಟ್‌ವರೆಗಿನ ಅಡ್ಡಬೀದಿಗಳಲ್ಲಿವೆ. ಅವುಗಳ ಬೆನ್ನಿಗೇ, ಎಂಟನೇ ಅವೆನ್ಯೂದಿಂದ ಹಡ್ಸನ್ ನದಿಯವರೆಗೆ ಇರುವ ಬಡಾವಣೆಯೇ ಹೆಲ್ಸ್ ಕಿಚನ್. ಹೆಸರಿನ ಅರ್ಥ ನರಕದ ಅಡುಗೆಮನೆ! ಅಮ್ಮನಿಗೆ ಹೇಳಿದಾಗ "ಊಟಕ್ಕೆ ಕರ್ಕೊಂಡು ಹೋಗೋ ಜಾಗಕ್ಕೆ ಇದೆಂಥ ಹೆಸರೇ" ಅಂದಳು. ಒಂದು ಕಾಲಕ್ಕೆ ಇದು ಐರ್ಲೆಂಡಿನಿಂದ ಬಂದ ಬಡ ಕೂಲಿಗಳು, ಹಡಗುಕಟ್ಟೆಯ ಕೆಲಸಗಾರರು ಇದ್ದ ಒರಟು ಕೇರಿ. ಈಗ ಬಾಡಿಗೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಬೀದಿಯುದ್ದಕ್ಕೂ ಥಾಯ್ ಹೋಟೆಲ್, ರಾಮೆನ್ ಅನ್ನುವ ಜಪಾನಿ ನೂಡಲ್ಸ್ ಅಂಗಡಿ, ಕಾಫಿ ಅಂಗಡಿ, ಸಂಜೆಯಾದರೆ ಚೆಂದ ಡ್ರೆಸ್ ಮಾಡಿಕೊಂಡ ಹುಡುಗ ಹುಡುಗಿಯರು.

ಆದರೂ ನಾಟಕದವರು ಇಲ್ಲಿಂದ ಖಾಲಿಯಾಗಿಲ್ಲ. ಅದಕ್ಕೆ ಒಂದು ಕಾರಣ ಮ್ಯಾನ್‌ಹ್ಯಾಟನ್ ಪ್ಲಾಜಾ. 43ನೇ ಸ್ಟ್ರೀಟ್‌ನಲ್ಲಿ, ಒಂಬತ್ತು ಮತ್ತು ಹತ್ತನೇ ಅವೆನ್ಯೂ ನಡುವೆ ಎರಡು ದೊಡ್ಡ ಕಟ್ಟಡಗಳಿವೆ. 1977ರಿಂದ ಅಲ್ಲಿನ ಹೆಚ್ಚಿನ ಮನೆಗಳನ್ನು ರಂಗಭೂಮಿ, ಸಂಗೀತ, ನೃತ್ಯದವರಿಗೆ ಅವರ ಆದಾಯ ನೋಡಿ ಬಾಡಿಗೆಗೆ ಕೊಡುತ್ತಾರೆ. ಹಾಗಾಗಿ ನಿಮ್ಮ ಪಕ್ಕದ ಟೇಬಲ್‌ನಲ್ಲಿ ಸೂಪ್ ಕುಡಿಯುತ್ತಿರುವವರು ಇನ್ನೊಂದು ಗಂಟೆಯಲ್ಲಿ ಸ್ಟೇಜಿನ ಮೇಲೆ ಇರಬಹುದು. ನಿಮಗೆ ನೀರು ತಂದುಕೊಡುವ ಹುಡುಗಿ ಬೆಳಗ್ಗೆ ಎಲ್ಲೋ ಆಡಿಷನ್ ಕೊಟ್ಟು ಬಂದಿರಬಹುದು. ಒಮ್ಮೆ ಒಬ್ಬ ಹುಡುಗ ನಮ್ಮ ಟೇಬಲ್ ಒರೆಸುತ್ತಾ "ಇವತ್ತು ಯಾವ ಷೋ?" ಅಂತ ಕೇಳಿದ. ಹೇಳಿದೆ. "ಎರಡನೇ ಅಂಕದ ಮೊದಲ ಹಾಡನ್ನ ಕಣ್ಣು ಮುಚ್ಚಿ ಕೇಳಿ" ಅಂದ. ಕೇಳಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಈ ಬೀದಿಗಳು ಗಡಿಯಾರ ನೋಡಿ ಬದುಕುತ್ತವೆ. ಸಂಜೆಯ ಆಟ ಸಾಮಾನ್ಯವಾಗಿ 7 ಅಥವಾ 8 ಗಂಟೆಗೆ. ಬುಧವಾರ, ಶನಿವಾರ ಬಹಳಷ್ಟು ಕಡೆ ಮಧ್ಯಾಹ್ನ 2ಕ್ಕೂ ಆಟ ಇರುತ್ತದೆ. ಸಂಜೆ 5ಕ್ಕೆ ಶುರುವಾಗುವ ನೂಕುನುಗ್ಗಲು 7ರ ಹೊತ್ತಿಗೆ ಗಾಳಿಗೆ ಹಾರಿಹೋದ ಹಾಗೆ ಇಳಿಯುತ್ತದೆ. ಆ ಎರಡು ಗಂಟೆಯಲ್ಲಿ ಪೂರ್ತಿ ಊಟ ಮಾಡಲು ಹೊರಟರೆ ಅರ್ಧ ಮನಸ್ಸು ತಟ್ಟೆಯಲ್ಲಿ, ಅರ್ಧ ಮನಸ್ಸು ವಾಚಿನಲ್ಲಿ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ, ಮದುವೆಯ ವಾರ್ಷಿಕೋತ್ಸವಕ್ಕೆ ಗಂಡನೂ ನಾನೂ ಒಂದು ಹೋಟೆಲ್‌ನಲ್ಲಿ 5:45ಕ್ಕೆ ಕೂತೆವು. ಊಟ ಬಂದಾಗ 6:30. ಬಿಲ್ ಕೇಳಿ ಕೇಳಿ ಸಾಕಾಯಿತು. ಎದ್ದೆವೋ ಬಿದ್ದೆವೋ ಅಂತ ಓಡಿದರೂ ಥಿಯೇಟರ್ ಬಾಗಿಲು ಮುಟ್ಟಿದಾಗ 7:06. ಒಳಗೆ ಬಿಡಲಿಲ್ಲ. ಸರಿಯಾದ ಜಾಗದಲ್ಲಿ ದೃಶ್ಯ ಬದಲಾಗುವವರೆಗೆ ತಡವಾಗಿ ಬಂದವರು ಹೊರಗೇ ನಿಲ್ಲಬೇಕು. ಲಾಬಿಯ ಚಿಕ್ಕ ಪರದೆಯಲ್ಲಿ, ಸದ್ದೇ ಸರಿಯಾಗಿ ಕೇಳದೆ, ನಾಟಕದ ಶುರು ನೋಡಿದೆವು. ತಿಂಗಳುಗಟ್ಟಲೆ ದುಡ್ಡು ಕೂಡಿಸಿ ತೆಗೆದ ಟಿಕೆಟ್ ಅದು. ನನಗೆ ಅಳುವೇ ಬಂದಿತ್ತು. ಬೆಂಗಳೂರಿನ ರಂಗಶಂಕರಕ್ಕೆ ಹೋಗಿ ಬಂದವರಿಗೆ ಈ ಶಿಸ್ತು ಹೊಸದಲ್ಲ ಬಿಡಿ. ಅಲ್ಲೂ ಬಾಗಿಲು ಹಾಕಿದರೆ ಮುಗಿಯಿತು.

ಅವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಮೊದಲು ಅರೆಹೊಟ್ಟೆ. ಆಮೇಲೆ ಸಾವಕಾಶವಾಗಿ ಊಟ.

ಅರೆಹೊಟ್ಟೆಗೆ ನನ್ನ ಮೊದಲ ಆಯ್ಕೆ ಪೊಸೈಡನ್ ಬೇಕರಿ. ಒಂಬತ್ತನೇ ಅವೆನ್ಯೂದಲ್ಲಿ, 44 ಮತ್ತು 45ನೇ ಸ್ಟ್ರೀಟ್ ನಡುವೆ. 1923ರಲ್ಲಿ ಶುರುವಾದ ಗ್ರೀಕ್ ಮನೆತನದ ಅಂಗಡಿ. ಫೀಲೋ ಅನ್ನುವ ಹಾಳೆಯಂಥ ಹಿಟ್ಟನ್ನು ಇವರು ಕೈಯಲ್ಲೇ ಎಳೆದು ಮಾಡುತ್ತಾರೆ. ಅದರೊಳಗೆ ಪಾಲಕ್ ಸೊಪ್ಪು, ಚೀಸ್ ತುಂಬಿ ಬೇಯಿಸಿದ ತುಂಡನ್ನು ಅಮ್ಮನ ಕೈಗೆ ಕೊಟ್ಟೆ. ಅಂಗಡಿ ಹೊರಗೆ ಗೋಡೆಗೆ ಒರಗಿ ನಿಂತಳು. ಒಂದು ಕಚ್ಚು ಕಚ್ಚಿದ್ದೇ ತಡ, ಮೇಲಿನ ಪದರ ಚೂರುಚೂರಾಗಿ ಸ್ವೆಟರ್ ಮೇಲೆಲ್ಲ ಉದುರಿತು. ಒಂದು ಪದರವನ್ನು ಉಗುರಿನಿಂದ ಎತ್ತಿ ಬಿಸಿಲಿಗೆ ಹಿಡಿದಳು. ಆಚೆ ಕಡೆ ಹೋಗುವ ಬಸ್ಸು ಕಾಣಿಸುತ್ತಿತ್ತು. "ಚಿರೋಟಿ ಕಣೇ ಇದು. ಸಕ್ಕರೆ ಬದಲು ಸೊಪ್ಪು ಹಾಕಿದಾರೆ ಅಷ್ಟೇ" ಅಂದಳು. ಮದುವೆಮನೆಯಲ್ಲಿ ಚಿರೋಟಿ ಪದರ ಎಣಿಸಿ ಅಡುಗೆಭಟ್ಟರಿಗೆ ಮಾರ್ಕ್ಸ್ ಕೊಡುತ್ತಿದ್ದವಳು ಅವಳು. ಇಲ್ಲಿಯೂ ತಲೆಯಾಡಿಸಿದಳು, ಅಂದರೆ ಪಾಸ್. ಮೊಟ್ಟೆ ತಿನ್ನದವರು ಮಾತ್ರ ಒಳಗೆ ಹಾಕಿದ್ದಾರಾ ಅಂತ ಕೇಳಿಕೊಂಡು ತಗೊಳ್ಳಿ.

ಅದೇ ಅವೆನ್ಯೂದಲ್ಲಿ ಸ್ವಲ್ಪ ಮೇಲಕ್ಕೆ, 46 ದಾಟಿದರೆ, ಏಮೀಸ್ ಬ್ರೆಡ್. ಇದು 1992ರ ಅಂಗಡಿ. ರವೆ, ಒಣದ್ರಾಕ್ಷಿ, ಸೋಂಪು ಹಾಕಿದ ಬ್ರೆಡ್ ಇವರ ವಿಶೇಷ. ಸಿಹಿಯ ನಡುವೆ ಸೋಂಪು ಹಲ್ಲಿಗೆ ಸಿಕ್ಕಾಗ ಊಟವಾದ ಮೇಲೆ ತಟ್ಟೆಯಲ್ಲಿ ಕೊಡುವ ಸೋಂಪು ನೆನಪಾಗುತ್ತದೆ. ಒಂದು ಇಡೀ ಬ್ರೆಡ್ ತಗೊಂಡು ಮನೆಗೆ ಹೋಗಿ, ಮರುದಿನ ಫಿಲ್ಟರ್ ಕಾಫಿಗೆ.

ಥಿಯೇಟರ್‌ಗಳ ನಡುವೆಯೇ ತಿನ್ನಬೇಕು, ಸಮಯ ಇಲ್ಲ ಅನ್ನುವವರಿಗೆ 43ನೇ ಸ್ಟ್ರೀಟ್‌ನ ಲೋಸ್ ಟಾಕೋಸ್ ನಂಬರ್ ಒನ್ ಅನ್ನುವ ಮೆಕ್ಸಿಕನ್ ಅಂಗಡಿ. ಟಾಕೋ ಅಂದರೆ ಪಲ್ಯವೋ ಮಾಂಸವೋ ಇಟ್ಟು ಮಡಚಿದ ಸಣ್ಣ ರೊಟ್ಟಿ. ಪಶ್ಚಿಮಕ್ಕೆ ನಡೆಯಿರಿ ಅನ್ನುವ ನನ್ನ ಮಾತಿಗೆ ಇದೊಂದು ವಿನಾಯಿತಿ. ಕೂರಲು ಜಾಗವಿಲ್ಲ, ನಮ್ಮ ದರ್ಶಿನಿ ಹಾಗೆ ನಿಂತು ತಿನ್ನೋದು. ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಕಣ್ಣೆದುರೇ ಒತ್ತಿ ಕಾವಲಿಗೆ ಹಾಕುತ್ತಾರೆ. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಆಶ್ಚರ್ಯ ಇದೆ. ನೊಪಾಲ್ ಅಂದರೆ ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿ! ಮುಳ್ಳು ತೆಗೆದು, ಸುಟ್ಟು, ರೊಟ್ಟಿಯೊಳಗೆ ಇಡುತ್ತಾರೆ. ಸ್ವಲ್ಪ ಹುಳಿ, ಬೆಂಡೆಕಾಯಿಯಂಥ ಸಣ್ಣ ಲೋಳೆ, ಮೇಲೆ ನಿಂಬೆರಸ. ನನಗೆ ತುಂಬಾ ಇಷ್ಟ. ಮಾಂಸ ಬೇಯುವ ಜಾಗದ ಹತ್ತಿರವೇ ಇದೂ ಬೇಯುತ್ತದೆ, ಅದು ಒಗ್ಗದವರು ಇಲ್ಲಿಗೆ ಬರಬೇಡಿ. ಅಮ್ಮನನ್ನು ನಾನು ಕರೆದುಕೊಂಡು ಹೋಗಲಿಲ್ಲ.

46ನೇ ಸ್ಟ್ರೀಟ್‌ನಲ್ಲಿ, ಎಂಟು ಮತ್ತು ಒಂಬತ್ತನೇ ಅವೆನ್ಯೂ ನಡುವಿನ ಒಂದು ತುಂಡಿಗೆ ರೆಸ್ಟೋರೆಂಟ್ ರೋ ಅನ್ನುತ್ತಾರೆ. ಹಳೇ ಮನೆಗಳ ನೆಲಮಹಡಿಯಲ್ಲಿ ಸಾಲಾಗಿ ಹೋಟೆಲ್‌ಗಳು. ನಾಟಕಕ್ಕೆ ಮುಂಚಿನ ಮೂರು ಬಗೆಯ ಊಟ ಒಂದೇ ಬೆಲೆಗೆ ಅಂತ ಬೋರ್ಡ್ ಹಾಕಿರುತ್ತಾರೆ. ಅವಸರದ ಹೊತ್ತಿಗೆ ಕೆಲವು ಕಡೆ ಅಡುಗೆಯೂ ಅವಸರದ್ದೇ. ಆದರೆ ಇಲ್ಲಿನ ಜೋ ಆ್ಯಲನ್‌ಗೆ ನಾಟಕ ಮುಗಿದ ಮೇಲೆ ಒಮ್ಮೆ ಹೋಗಲೇಬೇಕು. 1965ರ ಜಾಗ, ಇಟ್ಟಿಗೆ ಗೋಡೆ, ಮಂದ ಬೆಳಕು. ಗೋಡೆ ತುಂಬಾ ನಾಟಕದ ಪೋಸ್ಟರ್‌ಗಳು. ಆದರೆ ಗೆದ್ದವು ಅಲ್ಲ, ಬ್ರಾಡ್‌ವೇಯಲ್ಲಿ ಸೋತು ಮುಚ್ಚಿದ ನಾಟಕಗಳವು! ಅವುಗಳ ಕೆಳಗೆ ಕೂತು ಅದೇ ರಾತ್ರಿ ಆಡಿ ಬಂದ ನಟರು ಊಟ ಮಾಡುತ್ತಾರೆ. ಸೋತ ಕೆಲಸಕ್ಕೂ ಒಂದು ಗೋಡೆ, ಒಂದು ಚೌಕಟ್ಟು ಕೊಟ್ಟಿದ್ದಾರಲ್ಲ ಅಂತ ನನಗೆ ಪ್ರತಿ ಸಲ ಮನಸ್ಸು ತುಂಬಿ ಬರುತ್ತದೆ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಸಲಾಡ್ ತಗೊಂಡು ಗೋಡೆ ನೋಡಿ.

ಅಮ್ಮನ ನಾಟಕ ನಾಲ್ಕೂಮುಕ್ಕಾಲಿಗೆ ಮುಗಿಯಿತು. ಹೊರಗೆ ಬಂದಾಗ ಅವಳ ಕಣ್ಣು ಇನ್ನೂ ಒದ್ದೆ. ಇಂಗ್ಲಿಷ್ ಹಾಡು ಅರ್ಧಕ್ಕರ್ಧ ಅರ್ಥ ಆಗಿರಲಿಲ್ಲ. "ಅರ್ಥ ಆಗ್ಬೇಕು ಅಂತೇನಿಲ್ಲ, ಆ ಹುಡುಗಿ ಮುಖ ನೋಡಿದ್ರೆ ಸಾಕು" ಅಂದಳು. ಹತ್ತನೇ ಅವೆನ್ಯೂವರೆಗೆ ನಿಧಾನ ನಡೆದೆವು. ಒಂದು ಅವೆನ್ಯೂದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಕಾಲು ಕಿಲೋಮೀಟರ್. ಎರಡು ಅವೆನ್ಯೂ ಹೋಗುವಷ್ಟರಲ್ಲಿ ಟೈಮ್ಸ್ ಸ್ಕ್ವೇರ್ ಗದ್ದಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಲ್ಲಿ ಕ್ವೀನ್ ಆಫ್ ಶೀಬಾ ಅಂತ ಇಥಿಯೋಪಿಯಾದ ಹೋಟೆಲ್ ಇದೆ. ಸಸ್ಯಾಹಾರಿ ಊಟ ಹೇಳಿದೆ. ಒಂದು ದೊಡ್ಡ ತಟ್ಟೆ ಬಂತು. ತಟ್ಟೆ ತುಂಬಾ ಹಾಸಿದ ಇಂಜೆರಾ ಅನ್ನುವ ಮೆತ್ತನೆಯ ರೊಟ್ಟಿ, ಅದರ ಮೇಲೆ ಬಣ್ಣ ಬಣ್ಣದ ಗುಡ್ಡೆಗಳು. ಮಸೂರ ಬೇಳೆ ಕೆಂಪಗೆ, ಇನ್ನೊಂದು ಬೇಳೆ ಹಳದಿ, ಎಲೆಕೋಸು, ಸೊಪ್ಪು. ಚಮಚ ಇಲ್ಲ. ಅಮ್ಮನ ಮುಖ ಅರಳಿತು. ಇಷ್ಟು ದಿನ ಎಲ್ಲ ಹೋಟೆಲ್‌ನಲ್ಲೂ ಫೋರ್ಕ್ ಹಿಡಿಯಲು ಒದ್ದಾಡಿದವಳು ಬಳೆ ಹಿಂದಕ್ಕೆ ಸರಿಸಿ ಬಲಗೈಯಲ್ಲಿ ಒಂದು ಚೂರು ಹರಿದಳು. ಮೂಗಿನ ಹತ್ತಿರ ತಂದಳು. "ಎರಡು ದಿನ ಹುಳಿ ಬಂದ ದೋಸೆ ಹಿಟ್ಟು" ಅಂದಳು. ಇಂಜೆರಾ ಮಾಡುವುದು ಟೆಫ್ ಅನ್ನುವ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟಿನಿಂದ. ಹಿಟ್ಟನ್ನು ದಿನಗಟ್ಟಲೆ ಹುಳಿ ಬರಿಸಿ, ಒಂದೇ ಬದಿ ಬೇಯಿಸುತ್ತಾರೆ. ಮೇಲೆಲ್ಲ ತೂತು ತೂತು, ನಮ್ಮ ಸೆಟ್ ದೋಸೆ ಹಾಗೇ. ಇಥಿಯೋಪಿಯಾದ ಆರ್ಥೊಡಾಕ್ಸ್ ಪಂಥದ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿದು ಮಾಂಸ, ಹಾಲು ಬಿಡುತ್ತಾರೆ. ಅದಕ್ಕೇ ಅವರ ಅಡುಗೆಯಲ್ಲಿ ಇಷ್ಟು ಬಗೆಯ ಬೇಳೆ, ತರಕಾರಿ. ಇದನ್ನು ಕೇಳಿ ಅಮ್ಮ "ಹಾಗಾದ್ರೆ ಇವರದ್ದೂ ಏಕಾದಶಿ ಊಟ" ಅಂದಳು. ಕೊನೆಗೆ ಅಡಿಯ ಇಂಜೆರಾ ಮಾತ್ರ ಉಳಿಯಿತು, ಎಲ್ಲ ರಸ ಹೀರಿಕೊಂಡು ಮೆತ್ತಗಾಗಿದ್ದು. ಅದೇ ಎಲ್ಲಕ್ಕಿಂತ ರುಚಿ. ಇಬ್ಬರೂ ಹರಿದು ಹಂಚಿಕೊಂಡೆವು.

ದೋಸೆಯೇ ಬೇಕು ಅನ್ನುವವರು ಈ ಬಡಾವಣೆಯಲ್ಲಿ ಅಲೆಯಬೇಡಿ, ಲೆಕ್ಸಿಂಗ್ಟನ್ ಅವೆನ್ಯೂದ 27, 28ನೇ ಸ್ಟ್ರೀಟ್ ಕಡೆ ಹೋಗಿ. ಇಲ್ಲಿ ಬಂದಾಗ ಇಲ್ಲಿನದನ್ನು ತಿನ್ನೋಣ ಅಲ್ವಾ?

ಕೆಲವು ಮಾತು ಮರೆಯಬಾರದು. ಥಾಯ್ ಹೋಟೆಲ್‌ನಲ್ಲಿ ತರಕಾರಿ ಪಲ್ಯಕ್ಕೂ ಎಷ್ಟೋ ಸಲ ಮೀನಿನ ಸಾಸ್ ಬೀಳುತ್ತದೆ, ರಾಮೆನ್ ಸಾರು ಸಾಮಾನ್ಯವಾಗಿ ಹಂದಿ ಅಥವಾ ಕೋಳಿಯದ್ದು. ಬರೀ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಕೋಳಿ ಸಾರೂ ಬೇಡ ಅಂತ ಬಿಡಿಸಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಲ್ಲಿ ನೀರು ಪುಕ್ಕಟೆ, ಕುಡಿಯಲು ಚೆನ್ನಾಗಿದೆ, ಬಾಟಲಿ ತಗೋಬೇಡಿ. ಬಿಲ್ ಮೇಲೆ 8.875% ತೆರಿಗೆ ಬೀಳುತ್ತದೆ, ಟಿಪ್ 18ರಿಂದ 20% ಕೊಡಬೇಕು. ಮೆನುವಿನಲ್ಲಿ 60 ಡಾಲರ್ ಆದರೆ ಕೈಯಿಂದ ಹೋಗುವುದು ಸುಮಾರು 77. ಊರಿಂದ ಬಂದವರಿಗೆ ಇದು ಹೊಟ್ಟೆ ಉರಿಸುತ್ತದೆ, ನನಗೂ ಉರಿಸುತ್ತಿತ್ತು. ಆದರೆ ಬಡಿಸುವವರ ಬದುಕು ನಡೆಯುವುದೇ ಅದರಿಂದ. ಕೊಡಿ. ಟಿಪ್ ಮೊದಲೇ ಸೇರಿಸಿದ್ದಾರಾ ಅಂತ ಮಾತ್ರ ಬಿಲ್ ಓದಿ ನೋಡಿ. ಹೊರಡುವ ಮುಂಚೆ ಹೋಟೆಲ್‌ನಲ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ, ಥಿಯೇಟರ್‌ನ ಇಂಟರ್ವಲ್‌ನಲ್ಲಿ ಹೆಂಗಸರ ಸಾಲು ಮೆಟ್ಟಿಲಿಳಿದು ಲಾಬಿಯವರೆಗೆ ಬಂದಿರುತ್ತದೆ.

ರಾತ್ರಿ ಆಟ ನೋಡಿ ಜೇಬು ಖಾಲಿಯಾಗಿದ್ದರೆ 53ನೇ ಸ್ಟ್ರೀಟ್ ಮತ್ತು ಆರನೇ ಅವೆನ್ಯೂ ಮೂಲೆಯ ಹಲಾಲ್ ಗೈಸ್ ಗಾಡಿ ಇದೆ. 1990ರಲ್ಲಿ ಹಾಟ್‌ಡಾಗ್ ಗಾಡಿಯಾಗಿ ಶುರುವಾಗಿ, ಟ್ಯಾಕ್ಸಿ ಡ್ರೈವರ್‌ಗಳ ಹಸಿವಿಗೆ ಅನ್ನ ಕೊಡಲು ಹೊರಟು ಬೆಳೆದದ್ದು. ಅನ್ನದ ಮೇಲೆ ಫಲಾಫೆಲ್ ಅನ್ನುವ ಕಡಲೆ ವಡೆ, ಬಿಳಿ ಸಾಸ್ ಜಾಸ್ತಿ, ಕೆಂಪು ಸಾಸ್ ಒಂದೇ ಗೆರೆ. ಅದು ನಮ್ಮ ಬ್ಯಾಡಗಿ ಮೆಣಸಿನಕಾಯಿ ಅಲ್ಲ, ನಿಜವಾಗಿಯೂ ಖಾರ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯಿತು. ಹೆಚ್ಚಿನ ಥಿಯೇಟರ್‌ಗಳಿಗೆ ಸೋಮವಾರ ರಜೆ. ಅವತ್ತು ಒಂಬತ್ತನೇ ಅವೆನ್ಯೂದಲ್ಲಿ ಯಾರಿಗೂ ಅವಸರ ಇರುವುದಿಲ್ಲ. ಕಳೆದ ಸೋಮವಾರ ನಾಟಕ ಇಲ್ಲದೆ, ಸುಮ್ನೆ ಊಟಕ್ಕೆ ಅಂತಲೇ ನ್ಯೂಜೆರ್ಸಿಯಿಂದ ಬಸ್ ಹತ್ತಿ ಬಂದೆ. ಕಿಟಕಿ ಪಕ್ಕ ಟೇಬಲ್ ಸಿಕ್ಕಿತು. ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಅಮ್ಮ ಆಗಲೇ ಎದ್ದಿದ್ದಳು. "ಆ ಹುಳಿ ದೋಸೆ ಹೋಟೆಲಾ? ತಟ್ಟೆ ತೋರಿಸು" ಅಂದಳು. ಕ್ಯಾಮೆರಾ ತಿರುಗಿಸಿದೆ.